ಸಾಕಿದ ನಾಯಿ ತೀರಿಕೊಂಡರೆ ಸೂತಕವುಂಟೇ? ಎಡೆ ಇಡಬಹುದೇ?

ಪ್ರಶ್ನೆ: ಪೂಜ್ಯರಿಗೆ ನಮಸ್ಕಾರಗಳು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಹದಿಮೂರು ವರ್ಷ ನಮ್ಮೊಡನಿದ್ದ ಕರಿಯ ಎಂಬ ನಾಯಿ ಕಳೆದ ತಿಂಗಳು ಹೋಯಿತು. ಮೂತ್ರಪಿಂಡ ಕೆಟ್ಟು ಎರಡು ವಾರ ನರಳಿತು. ಕೊನೆಗೆ ನೀರೂ ಇಳಿಯುತ್ತಿರಲಿಲ್ಲ. ಪಶುವೈದ್ಯರು ಇನ್ನು ಉಳಿಸೋದು ಸಾಧ್ಯವಿಲ್ಲ ಅಂದಾಗ, ಇಂಜೆಕ್ಷನ್ ಕೊಟ್ಟುಬಿಡಿ ಅಂತ ನಾನೇ ಹೇಳಿದೆ. ಆಗ ಅದರ ತಲೆ ನನ್ನ ತೊಡೆಯ ಮೇಲಿತ್ತು. ಇದು ಹತ್ಯೆಯಾಯಿತೇ? ಪ್ರಾಯಶ್ಚಿತ್ತ ಏನು? ಮೂರು ದಿನ ದೇವರ ದೀಪ ಹಚ್ಚಬೇಡ ಅಂತ ಅತ್ತೆಯವರು, ನಾಯಿಗೆಂತ ಸೂತಕ ಅಂತ ಮಾವನವರು. ಮಹಾಲಯಕ್ಕೆ ಅದಕ್ಕೂ ಒಂದು ಎಡೆ ಇಡಬಹುದೇ? ಇಂಗ್ಲೆಂಡಿನಲ್ಲಿರುವ ಮಗಳು ಇನ್ನೊಂದು ಹೇಳುತ್ತಾಳೆ. ಅಲ್ಲಿ ಅವಳ ಜೊತೆ ಕೆಲಸ ಮಾಡುವವರು ಪೇಗನ್ ಪಂಥದವರಂತೆ. ಅಕ್ಟೋಬರ್ 31ರ ರಾತ್ರಿ ಸತ್ತ ನಾಯಿ ಬೆಕ್ಕುಗಳ ಫೋಟೋ ಇಟ್ಟು, ಮೇಣದ ಬತ್ತಿ ಹಚ್ಚಿ, ತಿಂಡಿ ಇಡುತ್ತಾರಂತೆ. ಕರಿಯನಿಗೆ ತಾನೂ ಹಾಗೆ ಮಾಡ್ತೀನಿ ಅಂತಾಳೆ. ಇದು ನಮ್ಮ ಧರ್ಮಕ್ಕೆ ವಿರೋಧವಲ್ಲವೇ? ಅವಳ ಮಗ ಫೋನಿನಲ್ಲಿ 'ಅಜ್ಜೀ, ಕರಿಯ ಈಗ ಎಲ್ಲಿದಾನೆ?' ಅಂತ ಕೇಳ್ತಾನೆ. ಏನು ಹೇಳಲಿ?
— ಹೆಸರು ಬೇಡವೆಂದಿರುವ ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಆ ಇಂಜೆಕ್ಷನ್ ಒಂದೇ ಅಂತ ನನಗೆ ಅನ್ನಿಸುತ್ತದೆ. ಆದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳೋಣ.

ಹಿಂಸೆಯನ್ನು ಅಳೆಯುವಾಗ ನಮ್ಮ ಹಿರಿಯರು ಕೈ ಏನು ಮಾಡಿತು ಎಂಬುದರ ಜೊತೆಗೆ ಸಂಕಲ್ಪ ಏನಿತ್ತು ಎಂಬುದನ್ನೂ ನೋಡಿದರು. ದ್ವೇಷದಿಂದಲೋ, ಲೋಭದಿಂದಲೋ, ಬೇಟೆಯ ಖುಷಿಗೋ ಒಂದು ಪ್ರಾಣ ತೆಗೆಯುವುದು ಬೇರೆ. ಬದುಕಿಸಲು ಮಾಡಬೇಕಾದ್ದೆಲ್ಲ ಮಾಡಿ, ಆಗದು ಎಂದು ಬಲ್ಲವರು ಹೇಳಿದ ಮೇಲೆ ನರಳಾಟ ಮುಗಿಸುವುದು ಬೇರೆ. ಇದನ್ನು ಎಲ್ಲರೂ ಒಪ್ಪುತ್ತಾರೆ ಅಂತ ನಾನು ಹೇಳುವುದಿಲ್ಲ. ಅದರ ಕರ್ಮ ಅದು ಅನುಭವಿಸಿಯೇ ತೀರಬೇಕು, ನಡುವೆ ನಾವು ಕೈಹಾಕಬಾರದು ಎನ್ನುವ ಸಾಧುಗಳಿದ್ದಾರೆ, ಜೈನ ಮುನಿಗಳಿದ್ದಾರೆ. ಅವರ ಮಾತಿಗೂ ತೂಕವಿದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಒಂದು ಕರು ಗುಣವಾಗದ ಸ್ಥಿತಿಗೆ ಹೋಗಿ, ಮಗ್ಗುಲು ಬದಲಿಸಲೂ ಆಗದೆ ಒದ್ದಾಡುತ್ತಿತ್ತು. ಗಾಂಧೀಜಿ ಆಶ್ರಮದವರೊಡನೆ ಚರ್ಚೆ ಮಾಡಿ, ವೈದ್ಯರನ್ನು ಕರೆಸಿ, ತಾವೇ ಎದುರಿಗಿದ್ದು ಇಂಜೆಕ್ಷನ್ ಕೊಡಿಸಿದರು. ಅಹಿಂಸೆಯನ್ನೇ ಉಸಿರಾಡಿದವರು! ಅವರಿಗೆ ಬಂದ ಬೈಗುಳದ ಪತ್ರಗಳಿಗೆ ಲೆಕ್ಕವಿಲ್ಲ. ಅವರು ಅದನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಬರೆದರು, ತಾವು ಮಾಡಿದ್ದು ಅಹಿಂಸೆಯೇ ಎಂದು ವಾದಿಸಿದರು. ಗೋವಿನ ವಿಷಯದಲ್ಲೇ ಆ ಮಾತು ಬಂದಿರುವಾಗ, ಕರಿಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನೀವು ಹತ್ಯೆ ಮಾಡಿದಿರಿ ಅಂತ ಬರೆಯಲು ನನ್ನ ಲೇಖನಿ ಒಪ್ಪುವುದಿಲ್ಲ.

ಆದ್ದರಿಂದ ಶಾಸ್ತ್ರೋಕ್ತ ಪ್ರಾಯಶ್ಚಿತ್ತ ನಿಮಗೆ ಬೇಡ. ಆದರೂ ಮನಸ್ಸು ಕೇಳುವುದಿಲ್ಲ ಅಂತಾದರೆ ಹೀಗೆ ಮಾಡಿ. ಒಂದು ಸೋಮವಾರ ತಲೆಗೆ ಸ್ನಾನ ಮಾಡಿ, ಶಿವನ ಮುಂದೆ ತುಪ್ಪದ ದೀಪ ಹಚ್ಚಿ, ನಡೆದದ್ದನ್ನು ನಡೆದ ಹಾಗೆ ಕನ್ನಡದಲ್ಲೇ ಹೇಳಿಕೊಳ್ಳಿ. ಮಂತ್ರ ಬೇಡ. ಆಮೇಲೆ ಬೀದಿಯ ನಾಯಿಗಳಿಗೆ ಹಾಲನ್ನ ಹಾಕಿ. ಕಾರ್ತಿಕ ಬಹುಳ ಅಷ್ಟಮಿ ಕಾಲಭೈರವನ ದಿನ, ನಾಯಿ ಆತನ ವಾಹನ. ಆ ದಿನ ಮಾಡಿದರೆ ಇನ್ನೂ ಒಳ್ಳೆಯದು. 'ಪ್ರಾಣಿಹತ್ಯಾ ದೋಷ ಪರಿಹಾರ ಹೋಮ' ಅಂತ ಯಾರಾದರೂ ಸಾವಿರಗಟ್ಟಲೆ ಹಣದ ಪಟ್ಟಿ ಕೊಟ್ಟರೆ ಕೈಮುಗಿದು ಕಳಿಸಿಬಿಡಿ. ದುಃಖದಲ್ಲಿರುವವರ ಮನೆ ಬಾಗಿಲಿಗೆ ಇಂಥ ಪಟ್ಟಿಗಳು ಬೇಗ ಬರುತ್ತವೆ.

ಇನ್ನು ಸೂತಕ. ಇಲ್ಲಿ ಮಾವನವರ ಮಾತು ಸರಿ. ಆಶೌಚ ಬರುವುದು ಸಪಿಂಡ ಸಂಬಂಧದಿಂದ, ಅಂದರೆ ಪಿಂಡದ ಹಂಚಿಕೆ ಇರುವ ರಕ್ತಸಂಬಂಧದಿಂದ. ಪ್ರಾಣಿಗೂ ನಮಗೂ ಅದಿಲ್ಲ. ಮೃತದೇಹ ಮುಟ್ಟಿದವರು ಸ್ನಾನ ಮಾಡಬೇಕು, ಬಟ್ಟೆ ಒಗೆಯಬೇಕು, ಪ್ರಾಣ ಹೋದ ಜಾಗ ಸಾರಿಸಬೇಕು, ಅಷ್ಟೇ. ಅದೇ ದಿನ ಸಂಜೆ ದೀಪ ಹಚ್ಚಬಹುದಿತ್ತು. ಹಾಗಂತ ಅತ್ತೆಯವರ ಮೇಲೆ ಬೇಸರ ಬೇಡ. ಮೂರು ದಿನ ದೀಪ ಬೇಡ ಅಂದರಲ್ಲ, ಅವರ ಮನಸ್ಸಿನಲ್ಲಿ ಕರಿಯ ಮನೆಯವನೇ ಆಗಿದ್ದ ಅಂತಾಯಿತು. ಬೀದಿ ನಾಯಿ ಸತ್ತರೆ ಯಾರೂ ಹಾಗೆ ಹೇಳುವುದಿಲ್ಲ.

ಮಹಾಲಯದ ಎಡೆಯ ವಿಚಾರಕ್ಕೆ ಬರೋಣ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ್ದು. ಶ್ರಾದ್ಧ ಎಂಬ ಕರ್ಮಕ್ಕೆ ಗೋತ್ರ ಬೇಕು, ಹೆಸರು ಬೇಕು, ತಂದೆ ತಾತ ಮುತ್ತಾತ ಎಂಬ ಸಾಲು ಬೇಕು. ನಾಯಿಗೆ ಅದನ್ನು ಹೊಂದಿಸಲು ಬರುವುದಿಲ್ಲ. ಆದರೆ ಶ್ರಾದ್ಧದ ಬಾಗಿಲು ನಾವು ಅಂದುಕೊಂಡಷ್ಟು ಕಿರಿದೂ ಅಲ್ಲ. ತರ್ಪಣದ ಕೊನೆಯಲ್ಲಿ ಬ್ರಹ್ಮನಿಂದ ಹಿಡಿದು ಹುಲ್ಲುಕಡ್ಡಿಯವರೆಗೆ ಸಮಸ್ತರೂ ತೃಪ್ತರಾಗಲಿ ಎಂದು ನೀರು ಬಿಡುತ್ತೇವೆ. ಆ 'ಸಮಸ್ತ'ದಲ್ಲಿ ನಿಮ್ಮ ಕರಿಯ ಇಲ್ಲವೇ? ಗಯೆಯಲ್ಲಿ ಪಶು, ಪಕ್ಷಿ, ಹುಳುಗಳ ಜನ್ಮಕ್ಕೆ ಹೋದವರಿಗೂ ಪಿಂಡವುಂಟು. ಯಮನ ದಾರಿ ಕಾಯುವ ಶ್ಯಾಮ, ಶಬಲ ಎಂಬ ಎರಡು ನಾಯಿಗಳಿಗೂ ಅಲ್ಲಿ ಬಲಿ ಇಡುತ್ತಾರೆ. ಮನುಸ್ಮೃತಿಯ 3ನೇ ಅಧ್ಯಾಯ ವೈಶ್ವದೇವ ಹೇಳುವಾಗ ನಾಯಿಗೆ, ಕಾಗೆಗೆ, ಹುಳುಗಳಿಗೆ ಅನ್ನವನ್ನು ನೆಲದ ಮೇಲೆ ಇಡಬೇಕು ಎನ್ನುತ್ತದೆ. ಹೇಗೆ ಇಡಬೇಕು ಎಂದೂ ಹೇಳುತ್ತದೆ: ಮೆಲ್ಲಗೆ, ಎಸೆಯದೆ. ಆ ಒಂದು ಪದವನ್ನು ಓದಿದಾಗಲೆಲ್ಲ ನನಗೆ ಬರೆದವರ ಬಗ್ಗೆ ಗೌರವ ಬರುತ್ತದೆ.

ರಾಮಾಯಣದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ವಾಲ್ಮೀಕಿಗಳ ಅರಣ್ಯಕಾಂಡದಲ್ಲಿ ಜಟಾಯು ಸತ್ತಾಗ ರಾಮ ಹದ್ದು ತಾನೇ ಎಂದು ಬಿಟ್ಟು ಹೋಗಲಿಲ್ಲ. ಸೀತೆಯನ್ನು ಕಳೆದುಕೊಂಡು ಒಂದೊಂದು ಗಳಿಗೆಗೂ ಪರದಾಡುತ್ತಿದ್ದ ಹೊತ್ತದು. ಆದರೂ ಲಕ್ಷ್ಮಣನಿಂದ ಕಟ್ಟಿಗೆ ತರಿಸಿದ, ಚಿತೆ ಏರಿಸಿದ, ದರ್ಭೆ ಹಾಸಿ ಪಿಂಡವಿಟ್ಟ, ಗೋದಾವರಿಗೆ ಇಳಿದು ಅಣ್ಣತಮ್ಮಂದಿರಿಬ್ಬರೂ ನೀರು ಬಿಟ್ಟರು. ಸ್ವಂತ ತಂದೆಯ ಚಿತೆಗೆ ಬೆಂಕಿ ಇಡಲು ಆಗದೆ ಹೋದ ಮಗ ಅವನು. ಜಟಾಯು ದಶರಥನ ಸ್ನೇಹಿತ, ಪಿತೃಸಮಾನ, ಆದ್ದರಿಂದ ಮಾಡಿದ. ಸಾಕಿದ ಪ್ರಾಣಿಗೆಲ್ಲ ಅದನ್ನು ಅನ್ವಯಿಸಬಾರದು ಎನ್ನುವ ಪಂಡಿತರಿದ್ದಾರೆ. ಇರಲಿ. ರೆಕ್ಕೆಯಿದ್ದ ಮಾತ್ರಕ್ಕೆ ಸಂಸ್ಕಾರ ತಪ್ಪಲಿಲ್ಲ ಎಂಬುದಂತೂ ಅಲ್ಲಿ ಸ್ಪಷ್ಟ.

ಹಾಗಾದರೆ ನೀವು ಏನು ಮಾಡಬೇಕು? ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಎಡೆ ಹಿರಿಯರಿಗೇ ಇರಲಿ, ಅದರ ಸಾಲಿನಲ್ಲಿ ಬೇರೆಯದನ್ನು ಸೇರಿಸಬೇಡಿ. ಮನೆಯ ಹಿರಿಯರಿಗೆ ನೋವಾಗುತ್ತದೆ, ಕ್ರಮವೂ ಅಲ್ಲ. ಕಾಗೆಗೆ ಇಟ್ಟಾದ ಮೇಲೆ ಹೊರಗೆ, ಕರಿಯ ಮಲಗುತ್ತಿದ್ದ ಜಾಗದಲ್ಲಿ, ಒಂದು ಬಾಳೆಲೆಯಲ್ಲಿ ಅದಕ್ಕೆ ಇಷ್ಟವಾದದ್ದನ್ನು ಬಡಿಸಿ, ಸುತ್ತ ನೀರು ಬಿಟ್ಟು ಹೆಸರು ಹಿಡಿದು ಕರೆಯಿರಿ. ಆಮೇಲೆ ಅದು ಯಾವ ನಾಯಿಯ ಹೊಟ್ಟೆಗಾದರೂ ಹೋಗಲಿ. ದೋಸೆ ಇಷ್ಟವಿತ್ತೋ, ರೊಟ್ಟಿಯೋ, ಅದು ನಿಮಗೇ ಗೊತ್ತು. ಫೋಟೋ ದೇವರ ಮನೆಯಲ್ಲಿ ಬೇಡ, ಜಗುಲಿಯಲ್ಲಿ ಹಾಕಿಕೊಳ್ಳಿ.

ಮಣ್ಣು ಮಾಡಿದ ಬಗ್ಗೆ ನೀವು ಬರೆದಿಲ್ಲ. ಬೇರೆ ಓದುಗರಿಗೆ ಬೇಕಾಗಬಹುದು ಎಂದು ಎರಡು ಮಾತು. ಪ್ರಾಣ ಹೋಗುವ ಮುಂಚೆ ಅಥವಾ ಹೋದ ಕೂಡಲೆ ಬಾಯಿಗೆ ಒಂದು ಹನಿ ತುಳಸಿ ನೀರು ಬಿಟ್ಟು ಕಿವಿಯಲ್ಲಿ ದೇವರ ಹೆಸರು ಹೇಳಬಹುದು. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಬೇಕು, ಪ್ಲಾಸ್ಟಿಕ್ ಬೇಡವೇ ಬೇಡ. ಬಾವಿ ಹಳ್ಳಗಳಿಂದ ದೂರ, ನಾಲ್ಕಡಿಯಾದರೂ ಆಳದ ಗುಂಡಿ. ಇಂಜೆಕ್ಷನ್ನಿನಿಂದ ಪ್ರಾಣ ಬಿಟ್ಟಿದ್ದರಂತೂ ಆಳ ಇರಲೇಬೇಕು. ಆ ಔಷಧ ದೇಹದಲ್ಲಿ ಉಳಿದಿರುತ್ತದೆ, ನರಿಯೋ ಹದ್ದೋ ಕೆದಕಿ ತಿಂದರೆ ಅದರ ಜೀವಕ್ಕೆ ಅಪಾಯ. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ನೀವು ಮುಟ್ಟದೆ ಮೊದಲು ಪಶುವೈದ್ಯರಿಗೆ ತಿಳಿಸಿ. ಮೇಲೆ ಒಂದು ಗಿಡ ನೆಟ್ಟರೆ ಚೆನ್ನ. ದೊಡ್ಡ ಊರುಗಳಲ್ಲಿ ಜಾಗವಿಲ್ಲದವರು ಪಾಲಿಕೆಯಲ್ಲಿ ವಿಚಾರಿಸಿ.

ನಾಯಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ತೋರಿಸಬೇಕು. ಸುಮಾರು ಕ್ರಿ.ಶ. 949ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದಾಗ ಅವನ ಪಕ್ಷದಲ್ಲಿ ಗಂಗರ ಬೂತುಗ, ಬೂತುಗನ ಜೊತೆಗೆ ಮಣಲರ ಎಂಬ ವೀರ. ಯುದ್ಧ ಗೆದ್ದ ಮೇಲೆ ಏನು ಬೇಕೋ ಕೇಳು ಅಂದರೆ ಮಣಲರ ಊರು, ಹೊನ್ನು ಕೇಳದೆ 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲರ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಮೇಲೆ ನಾಯಿ ಹಂದಿ ಕಾದಾಡುವ ಚಿತ್ರ ಕೆತ್ತಿಸಿದ, ಭೂಮಿ ಬಿಟ್ಟ. ಅಲ್ಲಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಎಂಬ ಕಟ್ಟಳೆಯನ್ನೂ ಬರೆಸಿದ! ರಾಜರ ಯುದ್ಧದ ಸಂಗತಿ ಕೂಡ ಇಂದು ನಮಗೆ ತಿಳಿಯುವುದು ಆ ನಾಯಿಯ ಕಲ್ಲಿನಿಂದ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಬ್ಬನ್ ಪಾರ್ಕಿನ ಕಡೆ ಹೋದರೆ ನೋಡಿ ಬನ್ನಿ. ತಮಿಳುನಾಡಿನ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳು ಲಕ್ಷ್ಮಿ ಎಂಬ ಹಸು 1948ರ ಜೂನ್ 18ರಂದು ದೇಹ ಬಿಟ್ಟಾಗ ಪಕ್ಕದಲ್ಲಿ ಕೂತು ಅದರ ತಲೆಯ ಮೇಲೆ ಕೈಯಿಟ್ಟಿದ್ದರು. ಆಶ್ರಮದಲ್ಲೇ ಅದಕ್ಕೆ ಸಮಾಧಿಯಾಯಿತು. ಅದರ ಹತ್ತಿರವೇ ಒಂದು ಜಿಂಕೆ, ಒಂದು ಕಾಗೆ, ಒಂದು ನಾಯಿಯ ಸಮಾಧಿಗಳೂ ಇವೆ.

ಈಗ ನಿಮ್ಮ ಮಗಳ ವಿಷಯ. ಪೇಗನ್ ಎಂಬ ಮಾತು ಕೇಳಿ ನೀವು ಗಾಬರಿಯಾದ ಹಾಗಿದೆ. ಅದರ ಮೂಲ ಲ್ಯಾಟಿನ್ನಿನಲ್ಲಿ, ಅರ್ಥ ಹಳ್ಳಿಗಾಡಿನವನು ಎಂದು. ಯುರೋಪಿನಲ್ಲಿ ಕ್ರೈಸ್ತ ಧರ್ಮ ಹರಡಿದಾಗ ಹಳೆಯ ದೇವತೆಗಳನ್ನು ಬಿಡದವರನ್ನು ಹೀಗಳೆಯಲು ಬಳಸಿದ ಮಾತು. ಅಗ್ನಿಗೆ, ಮರಕ್ಕೆ, ಹೊಳೆಗೆ ಕೈಮುಗಿಯುವ ನಮ್ಮನ್ನೂ ಅವರು ಬಹುಕಾಲ ಅದೇ ಹೆಸರಿನಲ್ಲಿ ಕರೆದರು! ಇಂದು ಅಲ್ಲಿ ಕೆಲವರು ಆ ಹೆಸರನ್ನು ತಾವಾಗಿಯೇ ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು. ಅವರಿಗೆ ಒಂದೇ ಗ್ರಂಥ, ಒಬ್ಬನೇ ಗುರು ಎಂದಿಲ್ಲ. ಋತು ತಿರುಗುವುದನ್ನು ಹಬ್ಬ ಮಾಡುತ್ತಾರೆ. ಅಕ್ಟೋಬರ್ 31ರ ಸಂಜೆಯಿಂದ ಬರುವ ಹಬ್ಬಕ್ಕೆ ಸೌಯಿನ್ ಎಂದು ಹೆಸರು. ಐರ್ಲೆಂಡ್ ಕಡೆಯ ಹಳೆಯ ಹಬ್ಬ, ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತು. ಆ ರಾತ್ರಿ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ತೆರೆ ತೆಳುವಾಗಿರುತ್ತದೆ ಎಂದು ನಂಬಿ, ಹೋದವರ ಹೆಸರು ಹೇಳಿ, ದೀಪ ಹಚ್ಚಿ, ಊಟದ ತಟ್ಟೆ ಇಡುತ್ತಾರೆ. ನಾಯಿ ಬೆಕ್ಕುಗಳನ್ನು ಹೊರಗಿಡುವುದಿಲ್ಲ. ಕೊರಳಪಟ್ಟಿ, ಆಟದ ಚೆಂಡು, ಒಂದು ಹಿಡಿ ರೋಮ ಇಟ್ಟು ನೆನೆಯುತ್ತಾರೆ. ಹೋದ ಜೀವ ಮತ್ತೆ ಹುಟ್ಟುತ್ತದೆ ಎಂದು ಅವರಲ್ಲಿ ಅನೇಕರು ನಂಬುತ್ತಾರೆ. ಪ್ರಾಣಿ ಮಣ್ಣಿಗೆ ಸೇರಿ ಮರವಾಗಿ ಹುಲ್ಲಾಗಿ ಬರುತ್ತದೆ, ಅಷ್ಟೇ ಸಾಕು ಎನ್ನುವವರೂ ಇದ್ದಾರೆ.

ಓದುತ್ತಾ ನಿಮಗೇ ಹೊಳೆದಿರಬಹುದು, ಇದು ನಮ್ಮ ಮಹಾಲಯದ ನೆಂಟ. ಬೆಳೆಯ ಕಾಲ ಮಗ್ಗುಲು ಬದಲಿಸುವಾಗ ಹೋದವರಿಗೆ ಊಟ ಇಡುವುದು ಎಷ್ಟೋ ನಾಡುಗಳ ಹಳೆಯ ರೂಢಿ. ಶೋಕಕ್ಕೂ ಹಾಗೆಯೇ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಬಗ್ಗೆ ಬರೆಯುತ್ತಾ, ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಾರೆ, ನಾಯಿ ಸತ್ತರೆ ತಲೆ ಮೈಯೆಲ್ಲ ಬೋಳಿಸಿಕೊಳ್ಳುತ್ತಾರೆ ಎಂದಿದ್ದಾನೆ. ಕೇಶ ತೆಗೆದು ಶೋಕ ಆಚರಿಸುವುದು ನಮಗೇನು ಹೊಸದೇ?

ಆದ್ದರಿಂದ ನಿಮ್ಮ ಮಗಳು ಆ ರಾತ್ರಿ ದೀಪ ಹಚ್ಚಲಿ. ಎಣ್ಣೆಯ ದೀಪವೋ, ಮೇಣದ ಬತ್ತಿಯೋ, ಕರಿಯ ಜಗಳ ಮಾಡುವುದಿಲ್ಲ. ನನ್ನ ಸಲಹೆ ಒಂದೇ. ಬೇರೆಯವರ ದೇವತೆಗಳ ಆವಾಹನೆ, ಅರ್ಥ ತಿಳಿಯದ ಮಂತ್ರ ಇವುಗಳಿಗೆ ಕೈಹಾಕದಿರಲಿ. ಅದು ಪಾಪವೆಂದಲ್ಲ, ಅವರಿಗೆ ಅದು ಪೂಜೆ, ಗೊತ್ತಿಲ್ಲದೆ ನಾವು ಮಾಡಿದರೆ ಅನುಕರಣೆ. ಅವಳಿಗೆ ಗೊತ್ತಿರುವ ಒಂದು ಶ್ಲೋಕ ಹೇಳಿ, ಕರಿಯನ ಹೆಸರು ಹೇಳಲಿ. ಗೆಳತಿಯರ ಜೊತೆ ಕೂತು ಅವರವರ ನಾಯಿ ಬೆಕ್ಕುಗಳ ಕಥೆ ಕೇಳಲಿ. ಪರದೇಶದಲ್ಲಿ, ತವರಿನ ನಾಯಿ ಸತ್ತ ಸುದ್ದಿ ಫೋನಿನಲ್ಲಿ ಕೇಳಿ, ಮಣ್ಣು ಮಾಡುವಾಗ ಇರಲಾಗದವಳು ಅವಳು. ಅವಳ ಅಳುವಿಗೆ ಅಲ್ಲಿ ಒಂದು ಜಾಗ ಸಿಕ್ಕಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಂಥ ಹೊತ್ತಿನಲ್ಲಿ ಯಾರಾದರೂ ಬಂದು ಜಡಭರತನ ಕಥೆ ಹೇಳಿಯೇ ಹೇಳುತ್ತಾರೆ. ಭಾಗವತದ 5ನೇ ಸ್ಕಂಧದಲ್ಲಿ ಬರುತ್ತದೆ. ಭರತ ಮಹಾರಾಜ ರಾಜ್ಯ ಬಿಟ್ಟು ತಪಸ್ಸಿಗೆ ಹೋದವನು ತಬ್ಬಲಿ ಜಿಂಕೆಮರಿಯನ್ನು ಸಾಕಿ, ಸಾಯುವಾಗ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದ. 'ನೋಡು, ನಾಯಿಗೆ ಅತ್ತರೆ ನಾಯಿಯಾಗಿ ಹುಟ್ತೀಯ' ಅಂತ ನಿಮಗೂ ಯಾರೋ ಹೇಳಿರಬಹುದು. ಕಥೆಯನ್ನು ಹಾಗೆ ಬೆದರಿಕೆಗೆ ಬಳಸುವುದು ನನಗೆ ಹಿಡಿಸುವುದಿಲ್ಲ. ಮರಿಯನ್ನು ನೀರಿನಿಂದ ಎತ್ತಿ ಬದುಕಿಸಿದ್ದನ್ನು ಭಾಗವತ ತಪ್ಪೆನ್ನುವುದಿಲ್ಲ. ಅದರ ಹಿಂದೆ ಹೋಗಿ ಸ್ನಾನ, ಜಪ, ಪೂಜೆ ಒಂದೊಂದಾಗಿ ಬಿಟ್ಟುಹೋದದ್ದನ್ನು ಹೇಳುತ್ತದೆ. ನೀವು ಅಡಿಗೆ ಮಾಡುತ್ತಿದ್ದೀರಿ, ತೋಟಕ್ಕೆ ಹೋಗುತ್ತಿದ್ದೀರಿ, ಪತ್ರಿಕೆಗೆ ಇಷ್ಟುದ್ದ ಕಾಗದ ಬರೆದಿದ್ದೀರಿ. ನಿಮಗೆ ಆ ಭಯ ಬೇಡ. ತಿಂಗಳುಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಎದ್ದು ಕೆಲಸಕ್ಕೆ ಹೋಗಲಾಗದೆ ಕೂತರೆ ಮಾತ್ರ ಮನೆಯವರಿಗೆ ಹೇಳಿ, ವೈದ್ಯರಿಗೂ ತೋರಿಸಿ.

ಮೊಮ್ಮಗನಿಗೆ ಏನು ಹೇಳುವುದು? ಕಾಮನಬಿಲ್ಲಿನ ಸೇತುವೆಯ ಪಕ್ಕದ ಹುಲ್ಲುಗಾವಲಿನಲ್ಲಿ ಸತ್ತ ಪ್ರಾಣಿಗಳು ನಮಗಾಗಿ ಕಾಯುತ್ತಿರುತ್ತವೆ ಎಂಬ ಮಾತು ಆ ಕಡೆಯ ಶಾಲೆಗಳಲ್ಲಿ ಅವನ ಕಿವಿಗೆ ಬಿದ್ದಿರಬಹುದು. ಅದು ಯಾವ ಪುರಾತನ ಧರ್ಮದ್ದೂ ಅಲ್ಲ, ಪೇಗನ್ನರದ್ದೂ ಅಲ್ಲ. 1959ರಲ್ಲಿ ಸ್ಕಾಟ್ಲೆಂಡಿನ ಒಬ್ಬ ಹುಡುಗಿ ತನ್ನ ನಾಯಿ ಸತ್ತಾಗ ಸಮಾಧಾನಕ್ಕೆ ಬರೆದುಕೊಂಡದ್ದು. ಮಗುವಿಗೆ ಅದರಿಂದ ಸಮಾಧಾನವಾದರೆ ಕಿತ್ತುಕೊಳ್ಳಬೇಡಿ. ಆದರೆ ಅಜ್ಜಿಯ ಬಳಿ ಬೇರೆ ಕಥೆಗಳಿವೆಯಲ್ಲ. ಮಹಾಭಾರತದ ಆದಿಪರ್ವದಲ್ಲೇ ಒಂದು ನಾಯಿಮರಿ ಅಳುತ್ತಾ ತಾಯಿಯ ಬಳಿ ಹೋಗುತ್ತದೆ. ಜನಮೇಜಯನ ತಮ್ಮಂದಿರು ತಪ್ಪಿಲ್ಲದ ಅದನ್ನು ಯಾಗಶಾಲೆಯಲ್ಲಿ ಹೊಡೆದಿದ್ದರು. ತಾಯಿ ಸರಮೆ ನೇರ ಯಾಗಶಾಲೆಗೆ ಬಂದು 'ನನ್ನ ಮಗ ಏನು ತಪ್ಪು ಮಾಡಿದ?' ಎಂದು ಕೇಳುತ್ತಾಳೆ. ರಾಜನ ಕಡೆಯವರ ಬಾಯಲ್ಲಿ ಉತ್ತರವಿಲ್ಲ. ಅದೇ ಮಹಾಭಾರತದ ಕೊನೆಗೆ, ಮಹಾಪ್ರಸ್ಥಾನಿಕ ಪರ್ವದಲ್ಲಿ, ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು, ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಅಂದ. ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ನನಗೆ ಬೇಡ ಅಂದ ಧರ್ಮರಾಯ. ಆ ನಾಯಿಯೇ ಯಮಧರ್ಮನಾಗಿ ನಿಂತಿತು. ನಾಯಿ ಅಶುದ್ಧ, ಯಾಗದ ಹತ್ತಿರ ಬಿಡಬಾರದು ಎಂಬ ಮಾತುಗಳು ನಮ್ಮ ಗ್ರಂಥಗಳಲ್ಲಿ ಬೇಕಾದಷ್ಟಿವೆ, ಇಂದ್ರನ ಬಾಯಲ್ಲಿ ಬಂದದ್ದೂ ಅದೇ. ಅದಕ್ಕೆ ಧರ್ಮರಾಯ ಕೊಟ್ಟ ಉತ್ತರವೂ ಅಲ್ಲೇ ಇದೆ.

ಪ್ರಾಣಿಜನ್ಮ ಭೋಗಯೋನಿ ಎಂದು ನಮ್ಮಲ್ಲಿ ಹೇಳುತ್ತಾರೆ. ಅಂದರೆ ಹಳೆಯದನ್ನು ಅನುಭವಿಸಿ ಮುಗಿಸುವ ಜನ್ಮ, ಹೊಸ ಪಾಪ ಅಂಟುವುದಿಲ್ಲ. ಆದ್ದರಿಂದ ಮಗುವಿಗೆ ಹೀಗೆ ಹೇಳಬಹುದು: 'ಕರಿಯನ ನೋವು ಮುಗೀತು ಪುಟ್ಟಾ. ಅವನ ಮೈ ನಮ್ಮ ತೋಟದ ಮಣ್ಣಲ್ಲಿದೆ. ಜೀವ ದೇವರ ಹತ್ರ ಹೋಗಿದೆ, ಮುಂದೆ ಎಲ್ಲಿ ಹುಟ್ಬೇಕೋ ಅಲ್ಲಿ ಹುಟ್ತಾನೆ.' ಮಲಗಿದ್ದಾನೆ, ಊರಿಗೆ ಹೋಗಿದ್ದಾನೆ ಅಂತೆಲ್ಲ ಸುಳ್ಳು ಬೇಡ. ರಜೆಗೆ ಬಂದಾಗ ಮಗು ಮೊದಲು ಹುಡುಕುವುದೇ ಅವನನ್ನು. ಬಂದಾಗ ಆ ಜಾಗಕ್ಕೆ ಕರೆದುಕೊಂಡು ಹೋಗಿ, ಅವನ ಕೈಯಿಂದಲೇ ಗಿಡಕ್ಕೆ ಒಂದು ಚೊಂಬು ನೀರು ಹಾಕಿಸಿ.

ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಹೊಡೆದುಹಾಕಿದ ಒಂದು ಸಾಲಿತ್ತು, ಓದಲು ಬಂತು. ಇನ್ನೊಂದು ಮರಿ ತಂದರೆ ಕರಿಯನಿಗೆ ಅನ್ಯಾಯವಾಗುತ್ತದೆಯೇ ಎಂದು. ಇದಕ್ಕೆ ವರ್ಷಾಂತದ ಲೆಕ್ಕವಿಲ್ಲ, ತಿಥಿ ನಕ್ಷತ್ರ ನೋಡಬೇಕಿಲ್ಲ. ತೋಟದ ಮನೆಗೆ ರಾತ್ರಿ ಬೊಗಳುವ ಒಂದು ಜೀವ ಬೇಕು. ನಿಮಗೆ ಮನಸ್ಸು ಬಂದ ದಿನ ತನ್ನಿ. ಕರಿಯನ ಹೆಸರನ್ನು ಮಾತ್ರ ಅದಕ್ಕೆ ಇಡಬೇಡಿ, ಅದಕ್ಕೆ ಅದರದೇ ಹೆಸರಿರಲಿ.